ಮೂರು ನೀಲಿ ಚುಕ್ಕಿ

ತೌಡಿನ ವಾಸನೆ, ಕಿಟಕಿ ಮುಚ್ಚಿದರೂ ಬರುತ್ತದೆ, ಗಂಗಾವತಿ ದಾಟುವವರೆಗೆ ಬಿಡುವುದಿಲ್ಲ, ಕೊಚ್ಚಿಯ ಹಾಸ್ಟೆಲ್ಲಿನಲ್ಲಿ ಪೆಟ್ಟಿಗೆ ತೆರೆದರೆ ಬಟ್ಟೆಗಿಂತ ಮೊದಲು ಹೊರಬರುವುದೂ ಇದೇ — ಉಜ್ಮಾ ದುಪಟ್ಟಾದಿಂದ ಮೂಗು ಒರೆಸಿಕೊಂಡು ಫೋನು ನೋಡಿದಳು, ಹತ್ತೂಕಾಲು, ಹನ್ನೆರಡಕ್ಕೆ ಗೈಡ್ ಸರ್ ಪ್ರಬಂಧವನ್ನು ಪತ್ರಿಕೆಗೆ ಕಳಿಸುತ್ತಾರೆ, ಮೊದಲ ಹೆಸರು ಅವಳದು, ಐದು ವರ್ಷದ ಸಂಶೋಧನೆ, ಅದು ಹೋದರೆ ಈ ತಿಂಗಳು ಮುಗಿಯುವ ಪಿಎಚ್.ಡಿ. ಅವಧಿ ಮುಂದುವರಿಯುತ್ತದೆ, ಹೋಗದಿದ್ದರೆ ಪದವಿಯಿಲ್ಲದೆ ಇದೇ ಬಸ್ಸಿನಲ್ಲಿ ಇದೇ ತೌಡಿನ ವಾಸನೆಗೆ ವಾಪಸು, ಆದರೆ ಕಳಿಸುವಂತಿಲ್ಲ, ಕಳಿಸಬೇಡಿ ಎಂದು ಹೇಳಬೇಕು, ಕೊಪ್ಪಳ ಬರುವುದರೊಳಗೆ ಹೇಳಬೇಕು, ಹೇಳುತ್ತಾಳೆ — ಆಧಾರ್ ತೋರಿಸ್ರಿ ಅಕ್ಕಾರ, ಕಂಡಕ್ಟರ್ ಮೇಲೆ ಬಿದ್ದಂತೆ ನಿಂತಿದ್ದಾನೆ, ತೋರಿಸಿದಳು, ಸೊನ್ನೆ ಎಂದು ಅಚ್ಚಾದ ಚೀಟಿ ಕೈಗೆ ಬಂತು, ಕಾಲುವೆ ಹಿಂದಕ್ಕೆ ಓಡುತ್ತಿದೆ, ಎರಡೂ ಬದಿ ನಾಟಿ ಗದ್ದೆ, ನೀರು ಎಲ್ಲಿಯದೂ ಒಂದೇ ಥರ ಹೊಳೆಯುತ್ತದೆ, ಮೇಲಿನಿಂದ ನೋಡಿದರೆ ಸಮುದ್ರವೂ ಹೀಗೇ, ಇದು ಅರಬ್ಬಿ ಅದು ಬಂಗಾಳ ಎಂದು ಗೆರೆ ಎಳೆದಿರುವುದಿಲ್ಲ, ಕೆಳಗೆ ಒಂದು ಕಿಲೋಮೀಟರಿನ ಕತ್ತಲೆಯಲ್ಲಿ ಗೆರೆ ಇದೆಯೇ ಇಲ್ಲವೇ ಎಂದು ಮೀನನ್ನೇ ಕೇಳಬೇಕು.

ಪಕ್ಕದ ಸೀಟಿನ ಹೆಂಗಸು ಆಗಲೇ ಹೆಸರು ಹೇಳಿಕೊಂಡಿದ್ದಾಳೆ, ವಿರೂಪಾಕ್ಷಮ್ಮ, ಗಿಣಿಗೇರಾದ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವವಳು, ಏನ್ ಓದಾಕತ್ತೀಯವ್ವ ಎಂದಳು, ಮೀನಿನ ಬಗ್ಗೆ ಎಂದಳು ಉಜ್ಮಾ, ಅದನ್ನೇನ್ ಓದೂದೈತಿ, ಹುರಿದ್ರ ಆತು. ಉಜ್ಮಾ ನಕ್ಕಳು, ಇವು ಹುರಿಯೂವಲ್ರಿ, ಬೆಳಕು ಹೋಗದಷ್ಟು ತಳದಾಗ ಇರ್ತಾವ, ಹೊಟ್ಟಿ ಕೆಳಗ ತಾವ ದೀಪ ಹಚ್ಚಿಕೊಂಡಿರ್ತಾವ, ಆ ಕಡಿ ಸಮುದ್ರದ್ದೂ ಈ ಕಡಿ ಸಮುದ್ರದ್ದೂ ಒಂದ ಮನಿತನ ಏನು ಬ್ಯಾರೆ ಬ್ಯಾರೆ ಏನು ಅಂತ ರಕ್ತದಾಗ ನೋಡ್ತೀನ್ರಿ. ವಿರೂಪಾಕ್ಷಮ್ಮ ಎಲೆ ಅಡಿಕೆ ದವಡೆಗೆ ಸರಿಸಿ, ಅಂದ್ರ ಹೆಣ್ಣು ಕೊಡೂದು ತರೂದು ಐತೋ ಇಲ್ಲೋ ಅಂತಲ್ಲ, ಎಂದಳು. ಹೌದ್ರಿ, ಅದ. ಸೆಮಿನಾರಿನಲ್ಲಿ ನಲವತ್ತು ನಿಮಿಷ ಹೇಳಿದ್ದನ್ನು ಇವಳು ಒಂದು ಉಸಿರಿಗೆ ಹೇಳಿಬಿಟ್ಟಳಲ್ಲ — ದಾದಿಯೂ ಹೀಗೇ, ಅಬ್ಬಾನ ತಾಯಿ ಬಾಷಾಬಿ, ಸಮುದ್ರ ಕಾಣದೆಯೇ ಏಳು ಸಮುದ್ರದ ತಳದ ಊರು ಕಟ್ಟುತ್ತಿದ್ದಳು, ಅಲ್ಲಿಯ ಮೀನು ಹೊಟ್ಟೆಯಲ್ಲಿ ಕಂದೀಲು ಇಟ್ಟುಕೊಂಡು ಬೀದಿ ಕಾಯುತ್ತಿದ್ದವು, ಎಣ್ಣಿ ಯಾರು ಹಾಕ್ತಾರ ದಾದಿ, ಇಲ್ಲಿ ನನಗ ಮರ್ತೈತಿ ಬೇಟಾ, ನೆನಪಾದ್ರ ಹೇಳ್ತೀನಿ, ಅಷ್ಟೇ, ಕಥೆ ಅಲ್ಲಿಗೇ ನಿಲ್ಲುತ್ತಿತ್ತು, ಎರಡು ದಿನ, ಒಮ್ಮೆ ಒಂದು ವಾರ, ಏನಾದರೂ ಹೇಳು ಎಂದು ಅತ್ತರೂ ತುಂಬಿಸಿ ಹೇಳುತ್ತಿರಲಿಲ್ಲ, ನನಗ ಗೊತ್ತಿಲ್ಲದ್ದನ್ನ ನಿನ್ನ ಕಿವ್ಯಾಗ ಹಾಕೂದಿಲ್ಲ — ಮತ್ತೆ ಅವಳು ಏನು ಹಾಕಿದಳು, ಉಜ್ಮಾ, ಪ್ರಬಂಧದ ಹನ್ನೊಂದನೆಯ ಪುಟದಲ್ಲಿ, ಶೀಸೆಯ ಚೀಟಿ ಅದಲುಬದಲಾಗಿದ್ದರಿಂದ ಮೂರು ಮೀನುಗಳನ್ನು ಕೈಬಿಡಲಾಗಿದೆ, ಒಂದೇ ಸಾಲು, ಎಷ್ಟು ಸಲೀಸು.

ಒಂದು ಮೀನಿಗೆ ಒಂದು ಚುಕ್ಕಿ, ಹತ್ತಿರದ ಸಂಬಂಧಿಗಳು ಹತ್ತಿರ ಬೀಳುತ್ತವೆ, ಅರಬ್ಬಿಯವು ನೀಲಿ, ಬಂಗಾಳದವು ಕೆಂಪು, ಪರದೆಯ ಮೇಲೆ ಎರಡು ಗುಂಪು ಒಡೆದು ನಿಂತಾಗ ಸರ್ ಕುರ್ಚಿಯಿಂದ ಎದ್ದಿದ್ದರು, ಎರಡು ಮನೆತನ, ಯಾರೂ ತೋರಿಸಿರಲಿಲ್ಲ, ಆದರೆ ಕೆಂಪಿನ ನಟ್ಟನಡುವೆ ಮೂರು ನೀಲಿ, ಏನಿವು, ಚೀಟಿ ತಪ್ಪಿರಬೇಕು, ತೆಗೆದುಬಿಡು ಎಂದರು ಸರ್, ತೆಗೆದಳು, ಚಿತ್ರ ಎಷ್ಟು ಚೊಕ್ಕಟವಾಯಿತು, ಖುಷಿಯೂ ಆಯಿತಲ್ಲ, ಸುಳ್ಳು ಯಾಕೆ. ನಿನ್ನೆ ಮಧ್ಯಾಹ್ನ ಅಬ್ಬಾಗೆ ಬುತ್ತಿ ಒಯ್ಯದಿದ್ದರೆ ಆ ಖುಷಿ ಇನ್ನೂ ಇರುತ್ತಿತ್ತು. ಅಬ್ಬಾ, ರೆಹಮಾನಸಾಬ, ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷದಿಂದ ಭತ್ತದ ಹಸಿ ನೋಡುವವರು, ಕಾರಟಗಿಯ ಲೋಡು ಹಸಿ, ಸಿಂಧನೂರಿನದು ಒಣ ಎಂದು ಮಾಲೀಕರ ಅಳಿಯ ಬರೆದಾಗಿತ್ತು, ಅಬ್ಬಾ ಒಪ್ಪಲಿಲ್ಲ, ಅದನ್ನ ಹಳೇ ಮೀಟರಿನ್ಯಾಗ ನೋಡೀರಿ, ಇದನ್ನ ಹೊಸಾದ್ರಾಗ, ಮೂರು ಚೀಲ ತೆಗೆದಿಟ್ಟೀನಿ ತಡೀರಿ. ಮೀಟರು ಬದಲಾದಾಗಲೆಲ್ಲ ಹಳೆಯ ಲೋಡಿನ ಮೂರು ಚೀಲ ಬದಿಗಿಡುವುದು ಅವರ ರೂಢಿ, ಕಾರಟಗಿಯ ಆ ಮೂರನ್ನು ಹೊಸ ಮೀಟರಿನಲ್ಲಿ ನೋಡಿದರೆ ಅವೂ ಒಣ, ಅಳಿಯ ನಕ್ಕ, ಆ ಮೂರು ಬ್ಯಾರೆ ಹೊಲದ್ದಿರಬೇಕ ಬಿಡ್ರಿ ಚಾಚಾ. ಚೀಲಕ್ಕ ಯಾಕ ಬೈತಿ, ಮೀಟರಿಗೆ ಬೈ ಎಂದರು ಅಬ್ಬಾ, ಬುತ್ತಿ ಅವಳ ಕೈಯಲ್ಲೇ ಆರಿತು, ಯಾಕೆಂದರೆ ನೀಲಿ ಮೀನೆಲ್ಲದರ ರಕ್ತ ಫೆಬ್ರುವರಿಯಲ್ಲಿ ಹಳೆಯ ರಾಸಾಯನಿಕದ ಪೊಟ್ಟಣದಲ್ಲಿ ಓದಿದ್ದು, ಕೆಂಪು ಮೀನೆಲ್ಲದರದು ಜುಲೈನಲ್ಲಿ ಹೊಸ ಪೊಟ್ಟಣದಲ್ಲಿ, ಫೆಬ್ರುವರಿಯಲ್ಲಿ ಯಂತ್ರದಲ್ಲಿ ಜಾಗ ಸಾಲದೆ ಮೂರು ನೀಲಿ ಮೀನು ಉಳಿದವು, ಅವನ್ನು ಜುಲೈನಲ್ಲಿ ಕೆಂಪಿನ ಜೊತೆ ಹಾಕಿದ್ದಳು, ಅವಳೇ, ಅಂದರೆ ಅವಳು ಕಂಡದ್ದು ಎರಡು ಸಮುದ್ರವಲ್ಲ, ಎರಡು ಪೊಟ್ಟಣ.

ಇನ್ನೂ ಚೀಟಿ ತಪ್ಪಿರಬಹುದು ಎಂದು ಒಂದು ಮನಸ್ಸು, ನಿದ್ದೆಗೆಟ್ಟ ಕೈ, ಹೊಯ್ದಾಡುವ ಹಡಗು, ಯಾರಿಗೆ ಗೊತ್ತು — ಅವಳಿಗೆ ಗೊತ್ತು, ಅರಬ್ಬಿ ಸಮುದ್ರದಲ್ಲಿ ವಾಂತಿ ಮಾಡುತ್ತ ಮಾಡುತ್ತ ಆ ಮೂರೂ ಶೀಸೆಗೆ ಚೀಟಿ ಬರೆದದ್ದು, ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆಂದು ಪೆನ್ಸಿಲ್ಲಿನಲ್ಲಿ, ತಲೆ ಸುತ್ತುವಾಗ ಕೈ ಕನ್ನಡ ಸಾಲಿಗೆ ಹೋಗಿಬಿಟ್ಟಿತ್ತು, ಒಂದನೆಯ ಇಯತ್ತೆಯ ಕರಿಹಲಗೆಗೆ, ೪೧, ೪೨, ೪೩, ಕನ್ನಡ ಅಂಕಿ, ಆ ಹಡಗಿನಲ್ಲಿ ಹಾಗೆ ಬರೆಯುವವರು ಅವಳೊಬ್ಬಳೇ, ಬಂಗಾಳದ ಹಡಗಿಗೆ ಅವಳು ಹತ್ತಿಯೇ ಇರಲಿಲ್ಲ. ಫೋನಿನಲ್ಲಿ ಬರೆದಳು. ಸರ್, ಕಳಿಸಬೇಡಿ, ಚೀಟಿ ತಪ್ಪಿಲ್ಲ, ತಪ್ಪಿದ್ದು ನಾವು ಓದಿದ ರೀತಿ, ಎಲ್ಲ ಮೀನನ್ನೂ ಮತ್ತೆ ಓದುತ್ತೇನೆ, ಒಂದು ನೀಲಿ ಒಂದು ಕೆಂಪು, ಒಂದೇ ದಿನ ಒಂದೇ ಪೊಟ್ಟಣದಲ್ಲಿ, ಆರು ತಿಂಗಳು ಬೇಕು. ಒತ್ತಿದಳು. ಗಿಣಿಗೇರಾದ ಚಿಮಣಿ ಕಂಡವು, ವಿರೂಪಾಕ್ಷಮ್ಮ ಚೀಲ ಎತ್ತಿಕೊಂಡಳು, ನಿನ್ನ ಮೀನಿನ ಬೀಗತನ ಕೂಡಿ ಬರ್ಲಿ ಯವ್ವ, ಇಳಿದಳು, ಉತ್ತರ ಬಂತು, ಬೆಳಿಗ್ಗೆ ಒಂಬತ್ತಕ್ಕೇ ಕಳಿಸಿಯಾಯಿತು, ಈಗ ಸುಮ್ಮನಿರು, ಆರು ತಿಂಗಳು ನಿನಗೆಲ್ಲಿದೆ. ಇಲ್ಲ. ಆರು ತಿಂಗಳು ಇಲ್ಲ, ಅಬ್ಬಾಗೆ ಹೇಳಬೇಕು, ಅಮ್ಮಿಗೆ, ಹೇಳಿದರಾಯಿತು, ಹಾಸ್ಟೆಲ್ಲು ಬಿಡಿಸಿದರೆ ಬಿಡಿಸಲಿ, ಲ್ಯಾಬಿನ ಬಾಗಿಲಿಗೆ ಹೊರಗಿನವಳಾಗಿ ಬಂದು ನಿಲ್ಲುತ್ತೇನೆ, ಬರೆದಳು, ವಾಪಸು ತರಿಸಿ ಸರ್, ಸಂಜೆಯೊಳಗೆ ನೀವು ಬರೆಯದಿದ್ದರೆ ಸಂಪಾದಕರಿಗೆ ನಾನೇ ಬರೆಯುತ್ತೇನೆ — ಒತ್ತಿದಳು, ಬಸ್ಸು ಕೊಪ್ಪಳದ ಕಡೆ ಹೊರಳಿತು, ಕೈಯಲ್ಲಿ ಫೋನು ರಿಂಗಾಗತೊಡಗಿತು, ಸರ್ ಹೆಸರು, ಹೆದರಿಕೆ ಬರಬೇಕಿತ್ತು, ಮಾತು ಹೊಂದಿಸಿಕೊಳ್ಳಬೇಕಿತ್ತು, ಯಾವುದೂ ಬರಲಿಲ್ಲ, ದಾದಿಯಿಲ್ಲ, ಮಿಲ್ಲಿಲ್ಲ, ಸಮುದ್ರವೂ ಇಲ್ಲ, ಕೆಂಪು ಮಾತ್ರ, ಕೆಂಪಿನ ನಟ್ಟನಡುವೆ ಮೂರು ನೀಲಿ, ಅವಳು ಫೋನು ಕಿವಿಗೆ ಹಿಡಿದಳು, ಮೂರು ನೀಲಿ, ಮೂರು —