ಕತ್ತಾಳಿ ಕೈ

"ಕೈ ಮ್ಯಾಲೆತ್ತಿದ್ರ ಒದಿತೀನಿ ನೋಡು, ಬೋಸುಡಿ! ಪ್ಯಾಂಟು ಬಣ್ಣ ಬಿಡಾತನಕ ಕೈ ನೀರಾಗೇ ಇರ್ಬೇಕು!"

ಮಾಲೀಕ ವಾಗೀಶನ ಬಾಯಿಂದ ಇಂಥ ಮಂತ್ರಪುಷ್ಪ ಉದುರದೆ ರಾಯದುರ್ಗದ ಆ ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ ಕೆಲಸ ಶುರುವಾಗುತ್ತಿರಲಿಲ್ಲ. ಗಂಗೋತ್ರಿ ಬ್ಲೀಚ್ ನೀರಿನ ತೊಟ್ಟಿಗೆ ಮತ್ತೆ ಕೈ ಇಳಿಸಿದಳು. ಬೆರಳ ಸಂದಿಯ ಚರ್ಮ ಎಂದೋ ಸುಲಿದುಹೋಗಿತ್ತು. ಗೆರೆ ಸವೆದ ಹೆಬ್ಬೆಟ್ಟನ್ನು ರೇಷನ್ ಅಂಗಡಿಯ ಮಿಷನ್ನು ಗುರುತೇ ಹಿಡಿಯುತ್ತಿರಲಿಲ್ಲ. ಮನೆಗೆ ಅಕ್ಕಿ ಬರುವುದು ನಿಂತಿತ್ತು. ಅವಳು ಬೇಡಿದ್ದು ಒಂದು ಜೊತೆ ರಬ್ಬರ್ ಗ್ಲೌಸು, ಅಷ್ಟೇ.

ಪಕ್ಕದ ತೊಟ್ಟಿಯ ವಿಶಾಲಮ್ಮ ಯಾರ್ಯಾರದೋ ಕೈಕಾಲು ಹಿಡಿದು ಲೇಬರ್ ಸಾಹೇಬರಿಗೆ ಸುದ್ದಿ ಮುಟ್ಟಿಸಿದ್ದಳು. ಆವತ್ತು ಮಧ್ಯಾಹ್ನ ಸಾಹೇಬರು ಬಂದೇಬಿಟ್ಟರು. ವಾಗೀಶನ ಬಾಯಿ ಬೆಣ್ಣೆಯಾಯಿತು. ಕುರ್ಚಿ ಬಂತು, ಫ್ಯಾನು ಬಂತು, ಮಿಕ್ಸ್ಚರು, ಬಾದಾಮಿ ಹಾಲು ಬಂದವು.

"ಏನಮ್ಮಾ ನಿನ್ನ ಕಷ್ಟ?" ಸಾಹೇಬರು ಗಂಗೋತ್ರಿಯನ್ನು ಕರೆದರು.

"ಕೈ ಉರಿತಾವ್ರಿ ಸಾಹೇಬ್ರ. ಗ್ಲೌಸ್ ಕೊಡಸ್ರಿ."

"ಬರೇ ಉರಿತಾವ ಅಂದ್ರ ಹೆಂಗ ಬರೀಲಿ? ಮ್ಯಾಲಿನೋರ ಮನಸ್ಸಿಗೆ ನಾಟಬೇಕಲ್ಲ. ಯಾವುದರ ಹಂಗ ಅಂತ ಹೋಲಿಸಿ ಹೇಳು."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಗ್ಲೌಸು ಬರುವುದಾದರೆ ಹೋಲಿಕೆಗೇನು ಬರ!

"ಕೆಂಡ ಹಿಡಿದಂಗ್ರಿ."

"ಎಲ್ಲಾರೂ ಅದನ್ನೇ ಹೇಳ್ತಾರ. ಬ್ಯಾರೆ?"

"ಸುಣ್ಣ ಅರಳಾ ಗಡಿಗ್ಯಾಗ ಕೈ ಇಟ್ಟಂಗ್ರಿ."

"ಹ್ಞಾಂ... ಇನ್ನ?"

ಗಂಗೋತ್ರಿ ತನ್ನ ಅಂಗೈ ನೋಡಿಕೊಂಡಳು. "ಕೂಸು ಮೈ ಮುಟ್ಟಗೊಡಂಗಿಲ್ರಿ. ಎಣ್ಣಿ ಹಚ್ಚಾಕ ಹೋದ್ರ ಚೀರ್ತೈತಿ. ಹೆತ್ತವ್ವನ ಕೈ ಅದಕ್ಕ ಕತ್ತಾಳಿ ನಾರು ಆಗೈತ್ರಿ."

"ಆಹಾ! ಭಲೇ ಚೆಪ್ಪಿಂದಿ!" ಭಲೇ ಹೇಳಿದಳೆಂದು ತೆಲುಗಿನಲ್ಲೇ ಮೆಚ್ಚಿ ಸಾಹೇಬರು ತೊಡೆ ತಟ್ಟಿದರು.

"ಓದಿಲ್ಲ ಬರದಿಲ್ಲ ಸಾರ್, ಬಾಯಿ ಮಾತ್ರ ಹರಿಕಥಿ ದಾಸರದು," ಎಂದ ವಾಗೀಶ. ಇಬ್ಬರೂ ನಕ್ಕರು. ಕರುಳು ತೆಗೆದು ಮುಂದಿಟ್ಟರೆ ಅದನ್ನೂ ಮಿಕ್ಸ್ಚರಿನ ಜೊತೆ ಮೆದ್ದರು. ಗಂಗೋತ್ರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ನೆತ್ತಿಗೇರಿತು.

"ಗ್ಲೌಸ್ರೀ?" ವಿಶಾಲಮ್ಮ ನೆನಪಿಸಿದಳು.

"ಗ್ಲೌಸ್ ಹಾಕ್ಕೊಂಡ್ರ ಬಟ್ಟಿ ಎಷ್ಟು ಮೆತ್ತಗಾತಂತ ಕೈಗೆ ಗೊತ್ತಾಗಂಗಿಲ್ಲ ಸಾರ್. ಮಾಲು ಕೆಡ್ತೈತಿ," ಎಂದ ವಾಗೀಶ.

"ಅದೂ ನಿಜಾನೇ ಬಿಡ್ರಿ." ಸಾಹೇಬರು ಎದ್ದು, ಹೋಗುವ ಮುಂಚೆ ಗಂಗೋತ್ರಿಯ ತೊಟ್ಟಿಯ ಹತ್ತಿರ ಬಂದು ಫೋನು ಚಾಚಿದರು. "ಆ ಕತ್ತಾಳಿ ಮಾತು ಇನ್ನೊಮ್ಮಿ ಹೇಳಮ್ಮಾ, ರೆಕಾರ್ಡ್ ಮಾಡ್ಕೊಂತೀನಿ. ಭಾಳ ಚಂದ ಐತಿ."

ಗಂಗೋತ್ರಿ ಫೋನು ಚಾಚಿದ ಆ ಮಣಿಕಟ್ಟು ಹಿಡಿದಳು. ಹಿಡಿದು, ಮೊಣಕೈವರೆಗೂ ನೀರಿಗೆ ಅದ್ದಿದಳು. ಫೋನು ತಳ ಸೇರಿತು. ಸಾಹೇಬರು ಕಿಟಾರನೆ ಕಿರುಚಿದರು. ಓಡಿಬಂದ ವಾಗೀಶನಿಗೆ ವಿಶಾಲಮ್ಮ ಒದ್ದೆ ಪ್ಯಾಂಟು ಎತ್ತಿಕೊಂಡು ಅಡ್ಡ ನಿಂತಳು.

"ಬಿಡೇ! ಸುಡ್ತೈತಿ, ಬಿಡೇ!"

"ಸುಳ್ಳ ಹೇಳಬ್ಯಾಡ್ರಿ ಸಾಹೇಬ್ರ," ಗಂಗೋತ್ರಿ ಎರಡೂ ಕೈಯಿಂದ ಅದುಮಿದಳು. "ಇನ್ನೂ ಉರಿ ಹತ್ತಿಲ್ಲ. ಹತ್ತಲಿ, ತಡೀರಿ."