ಅಡ್ಡ ಮಲಗಿದ ಗಳ

"ಏಳಲೇ ಬೋಳಿಮಗನೆ! ಹೊಟ್ಟೆತುಂಬ ಕುಡ್ಕೊಂಡ್ ಬಂದು ಕರೆಂಟ್ ಹೊಡೀತು ಅಂತ ನಾಟ್ಕ ಮಾಡ್ತೀಯ?"

ಮೇಸ್ತ್ರಿ ಈಶ್ವರನ ಬೂಟು ಪರಶುರಾಮನ ಸೊಂಟಕ್ಕೆ ತಾಗಿತು. ಜೋರಾಗಿ ಒದ್ದದ್ದಲ್ಲ, ದಾರಿಗೆ ಅಡ್ಡ ಮಲಗಿದ ನಾಯಿಯನ್ನು ಎಬ್ಬಿಸುವಾಗ ತಾಗಿಸುತ್ತಾರಲ್ಲ, ಅಷ್ಟು. ಪರಶುರಾಮ ಹಸಿ ಹುಲ್ಲಿನ ಮೇಲೆ ಕೂತು ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ. ಅಂಗೈ ನಡುವೆ ಹೊತ್ತಿದ ರೊಟ್ಟಿಯ ಹಾಗೆ ಕಪ್ಪು ಕಲೆ. ಬೆರಳು ಮಡಿಸಲು ಹೋದರೆ ಮಡಿಯುತ್ತಿರಲಿಲ್ಲ.

"ಅವ್ನು ಕುಡಿದಿಲ್ರೀ," ಎಂದಳು ಹನುಮಮ್ಮ. "ಬೆಳಗ್ಗೆ ನಾನೇ ರೊಟ್ಟಿ ಕೊಟ್ಟೀನಿ, ಬಾಯಿ ಮೂಸಿ ನೋಡ್ರಿ ಬೇಕಾದ್ರೆ."

"ನಿನ್ನಳಿಯನ ಬಾಯಿ ನಾನ್ ಮೂಸ್ಬೇಕೇನೆ ಮುದುಕಿ? ಎಬ್ಸು ಅವನ್ನ. ಪೊಲೀಸ್ ಜೀಪು ಸಂಜೆ ತನ್ಕ ಮಾತ್ರ ಜೊತೆಗಿರ್ತೈತೆ. ಅಷ್ಟ್ರಲ್ಲಿ ಸೊರಬ ದಾಟ್ಬೇಕು."

"ಲೈನ್ ತೆಗೆಸೀನಿ ಅಂದಿದ್ರಲ್ರೀ ನೀವು?"

"ತೆಗೆಸಿದ್ದೆ. ಯಾವನೋ ಹಾಕ್ಯಾನೆ. ನಾನೇನ್ ಕಂಬದ್ ಮೇಲೆ ಕುಂತಿರ್ಲಾ?"

ಅವನು ತನ್ನ ಜೀಪಿನ ಕಡೆ ಹೋದ. ಹಿಂದೆ ರಸ್ತೆ ತುಂಬ ಆ ಯಂತ್ರ ಹೊತ್ತ ಟ್ರೈಲರು ಗುರುಗುಟ್ಟುತ್ತ ನಿಂತಿತ್ತು.

ಬಂದರಿನಲ್ಲಿ ಹಡಗಿನಿಂದ ಇಳಿದ ಯಂತ್ರ. ಬಳ್ಳಾರಿ ಕಡೆಯ ಗಣಿಗೆ ಹೋಗಬೇಕಿತ್ತು. ಎರಡು ಉಪ್ಪರಿಗೆಯ ಮನೆಯಷ್ಟು ಎತ್ತರ. ಅದನ್ನು ಹೊತ್ತ ಟ್ರೈಲರಿನ ಗಾಲಿ ಎಣಿಸಲು ಹೋಗಿ ಉಳವಿಯ ಶಾಲೆ ಮಕ್ಕಳು ಸೋತು ನಕ್ಕಿದ್ದರು. ಮನುಷ್ಯ ನಡೆದಷ್ಟೇ ನಿಧಾನಕ್ಕೆ ಅದು ಸಾಗುತ್ತಿತ್ತು. ಏಕೆಂದರೆ ಅದರ ಮುಂದೆ ಮನುಷ್ಯರು ನಡೆಯಬೇಕಿತ್ತು. ರಸ್ತೆಗೆ ಅಡ್ಡ ಹಾಯ್ದ ಕರೆಂಟು ತಂತಿ ಬಂದಲ್ಲೆಲ್ಲ ಗಳದ ತುದಿಯ ಕವೆಯಿಂದ ಅದನ್ನು ಮೇಲಕ್ಕೆತ್ತಿ ಹಿಡಿಯಬೇಕು. ಯಂತ್ರ ಅಡಿಯಲ್ಲಿ ಹಾಯ್ದು ಹೋದ ಮೇಲೆ ಮೆಲ್ಲಗೆ ಇಳಿಸಿ, ಓಡಿ ಮತ್ತೆ ಮುಂದಕ್ಕೆ ಹೋಗಬೇಕು. ಈ ಕೆಲಸಕ್ಕೆಂದೇ ಈಶ್ವರ ಅಂಬ್ಲಿಗೊಳದ ಹತ್ತಿರದ ಕುರಿಗಾಹಿ ಹಟ್ಟಿಯವರನ್ನು ಲಗೇಜ್ ಆಟೊದಲ್ಲಿ ತುಂಬಿಕೊಂಡು ಬಂದಿದ್ದ. ಅವರ ಬಳಿ ಉದ್ದದ ಗಳಗಳಿದ್ದವು. ಎತ್ತರದ ಕೊಂಬೆಯ ಸೊಪ್ಪು ಕೊಯ್ದು ಕುರಿಗೆ ಹಾಕುವ ಬಿದಿರಿನ ಗಳ. ತುದಿಯ ಕುಡುಗೋಲು ಬಿಚ್ಚಿ ಕವೆ ಕಟ್ಟಿದರೆ ತಂತಿ ಎತ್ತಲು ಆಯಿತು.

ಬೆಳಗಿನಿಂದ ಅಕಾಲದ ಸೋನೆ ಹಿಡಿದಿತ್ತು. ಯಂತ್ರಕ್ಕೆ ನೀಲಿ ತಾಡಪಾಲು ಹೊದಿಸಿ ಬಿಗಿದಿದ್ದರು. ಗಳ ಹಿಡಿದವರ ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ.

"ನೋಡು ಹನುಮಕ್ಕ," ಎಂದಿದ್ದ ಮಾಳೇಶ, ಹಟ್ಟಿಯ ಬಾಯಿಬಡುಕ. "ಮದುವಣಗಿತ್ತಿಗೆ ಮುಸುಕು ಹಾಕವ್ರೆ. ನಾವು ದಿಬ್ಬಣದೋರು, ನೆನ್ಕೊಂಡ್ ಹೋಗ್ಬೇಕು."

ಹೀಗೆ ನಗುತ್ತಲೇ ಅವನು ತನ್ನ ಗಳವನ್ನು ನೆಲಕ್ಕೆ ಹಾಕಲು ಹೋದಾಗ ಹನುಮಮ್ಮ ಗದರಿದ್ದಳು. "ಲೇ, ನಿಲ್ಸೋ ಅದ್ನ! ಯಾರ್ ಸತ್ತವ್ರೆ ಅಂತ ಮಲಗಿಸ್ತೀಯ?"

ಅವರ ಹಟ್ಟಿಯಲ್ಲಿ ಸೊಪ್ಪಿನ ಗಳ ಎಂದೂ ನೆಲಕ್ಕೆ ಮಲಗುವುದಿಲ್ಲ. ಗೋಡೆಗೋ ಮರಕ್ಕೋ ಒರಗಿ ನಿಂತೇ ಇರುತ್ತದೆ. ಕುರಿ ಕಾಯುವವನು ಸತ್ತ ದಿನ ಮಾತ್ರ ಅವನ ಗಳವನ್ನು ಬಾಗಿಲಿಗೆ ಅಡ್ಡ ಮಲಗಿಸುತ್ತಾರೆ. ಮನೆಯ ಹಿರಿಯರು ಎತ್ತುವವರೆಗೆ ಅದನ್ನು ಯಾರೂ ದಾಟುವುದಿಲ್ಲ. ಹನುಮಮ್ಮ ಗಂಡನ ಗಳವನ್ನು ಹಾಗೆ ಮಲಗಿಸಿ, ಆಮೇಲೆ ತಾನೇ ಎತ್ತಿಕೊಂಡವಳು. ಈಗ ಅವಳ ಕೈಯಲ್ಲಿದ್ದದ್ದು ಅದೇ ಗಳ.

ಅದಕ್ಕೇ, ಉಳವಿ ದಾಟಿದ ಮೇಲೆ ತಂತಿ ಚಟ್ಟೆಂದು ಸಿಡಿದು ಪರಶುರಾಮ ಹಾರಿ ಬಿದ್ದಾಗ, ಅವಳು ಮೊದಲು ಓಡಿದ್ದು ಅವನ ಕಡೆಗಲ್ಲ. ನೆಲಕ್ಕೆ ಬಿದ್ದ ಅವನ ಗಳದ ಕಡೆಗೆ. ಅದನ್ನು ಎತ್ತಿ ಬೇಲಿಗೆ ನಿಲ್ಲಿಸಿ, ಆಮೇಲೆ ಅಳಿಯನ ಎದೆ ಮುಟ್ಟಿ ನೋಡಿದಳು. ಎದೆ ಬಡಿಯುತ್ತಿತ್ತು. ಮಗಳು ಪ್ರಮೀಳಾಳ ಮುಖ ಕಣ್ಣ ಮುಂದೆ ಬಂತು.

ಟ್ರೈಲರಿನ ಡ್ರೈವರು ಇಳಿದು ಬಂದ. ಉತ್ತರದ ಕಡೆಯ ಮುದುಕ ಸರ್ದಾರ, ಬಿಳಿ ಗಡ್ಡ. ಅವನ ಭಾಷೆ ಇವರಿಗೆ ಬಾರದು, ಇವರದ್ದು ಅವನಿಗೆ ಬಾರದು. ಬೆಳಗಿನಿಂದ ಅವನು ಇವರು ಬುತ್ತಿ ಬಿಚ್ಚಿದಾಗಲೆಲ್ಲ ಹೊಗೆ ಊಟಕ್ಕೆ ಬಡಿಯದಂತೆ ಎಂಜಿನ್ ಆರಿಸುತ್ತಿದ್ದ. ಅದಕ್ಕೂ ಈಶ್ವರನಿಂದ ಬೈಸಿಕೊಂಡಿದ್ದ. ಈಗ ಮಡಿಸಿಟ್ಟ ಹಳೆಯ ಪೇಟದ ಬಟ್ಟೆಯಿಂದ ಒಂದು ತುಂಡು ಹರಿದು ಪರಶುರಾಮನ ಕೈಗೆ ಸಡಿಲವಾಗಿ ಸುತ್ತಿದ. "ಪಾನಿ ಪಿಲಾವ್, ಮಾಂಜೀ," ಎಂದು ಕುಡಿಸುವ ಸನ್ನೆ ಮಾಡಿ ತನ್ನ ನೀರಿನ ಕ್ಯಾನು ಕೊಟ್ಟ. ತಂತಿ ತೋರಿಸಿ, ಕೈ ಮಗುಚಿ, ಬಂದ್ ಆಗಿದೆಯೇ ಎಂದು ಸನ್ನೆಯಲ್ಲೇ ಕೇಳಿದ.

ಹನುಮಮ್ಮ ಈಶ್ವರನ ಜೀಪಿನ ಕಡೆ ಕೈ ತೋರಿಸಿದಳು. ಮುದುಕ ಅತ್ತ ನೋಡಿ, ಮತ್ತೆ ಟ್ರೈಲರು ಹತ್ತಿದ.

ಮಧ್ಯಾಹ್ನ ತಿರುಗುವ ಹೊತ್ತಿಗೆ ಸದಾಶಿವಪ್ಪನ ಊರು ಬಂತು. ಸದಾಶಿವಪ್ಪ ಈಶ್ವರನ ಚಿಕ್ಕಪ್ಪ. ಅವನ ಮನೆ ರಸ್ತೆಗೇ. ಮನೆ ಮುಂದೆ ಶಾಮಿಯಾನ, ಸರದೀಪ, ಮೈಕಿನಲ್ಲಿ ಹಾಡು. ಮಗಳು ಗಂಗಾಶ್ರೀಯ ನಿಶ್ಚಿತಾರ್ಥ. ಅಲ್ಲೇ ತಂತಿಗಳು ಒಗೆದ ಬಟ್ಟೆಯ ಹಗ್ಗದಂತೆ ಜೋತು ರಸ್ತೆ ದಾಟಿದ್ದವು. ಪಕ್ಕದ ಕಂಬದಲ್ಲಿ ಬೀದಿದೀಪ ಹಾಡಹಗಲೇ ಉರಿಯುತ್ತಿತ್ತು.

"ಎತ್ರಲೇ, ಎತ್ರಿ!" ಈಶ್ವರ ಕೈ ತಟ್ಟಿದ. "ಲೈನ್ ಬಂದ್ ಆಗೈತೆ."

"ದೀಪ ಉರೀತೈತಲ್ರೀ," ಎಂದಳು ಹನುಮಮ್ಮ.

ಎಲ್ಲರೂ ತಲೆ ಎತ್ತಿದರು. ಈಶ್ವರನೂ ಎತ್ತಿದ.

"ಉರಿದ್ರೆ ನಿಮ್ಮಪ್ಪನ ಮನೆ ಗಂಟು ಹೋಗ್ತೈತಾ? ಬಿದಿರಿಗೆ ಕರೆಂಟ್ ಹತ್ತಲ್ಲ ಕಣೆ."

"ಬೆಳಗ್ಗೆ ಹತ್ತಿದ್ದು ಬಿದಿರಿಗೇ ಅಲ್ವೇನ್ರೀ? ನೆಂದು ತೊಪ್ಪೆ ಆಗೈತೆ."

"ಭಾಷ್ಣ ಬಿಗೀಬ್ಯಾಡ. ಅಷ್ಟ್ ಇದ್ರೆ ಹೋಗು, ಚಿಕ್ಕಪ್ಪನ್ನೇ ಕೇಳ್ಕೊಂಡ್ ಬಾ. ಲೈನ್‌ಮನ್ ವಸಂತನೂ ಅಲ್ಲೇ ಉಣ್ತಾವ್ನೆ."

ನಗಾಡಿಕೊಂಡು ಹೇಳಿದ ಮಾತು. ಹನುಮಮ್ಮ ಗಳವನ್ನು ಮಾಳೇಶನ ಕೈಗೆ ಕೊಟ್ಟು ಹೊರಟೇಬಿಟ್ಟಳು.

ಶಾಮಿಯಾನದ ಅಂಚಿನಲ್ಲೇ ಅವಳನ್ನು ತಡೆದರು. ಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿತ್ತು; ಹಾಸಿದ ಜಮಖಾನೆ ಒದ್ದೆಯಾದೀತು. ಬೀಗರ ಪಂಕ್ತಿ ಹೋಳಿಗೆಗೆ ಬಂದಿತ್ತು. ಸದಾಶಿವಪ್ಪ ಜರಿಪಂಚೆ ಎತ್ತಿ ಹಿಡಿದುಕೊಂಡು ಬಂದ.

"ಏನೇ ಹನುಮಿ, ಗಂಡ ಸತ್ಮೇಲೆ ಗಳ ಹಿಡ್ಕೊಂಡು ಸರ್ಕಾರದ್ ರಸ್ತೆ ಅಳಿಯಾಕ್ ಹೊಂಟೀಯೇನು?"

ಪಂಕ್ತಿಯಲ್ಲಿ ನಗು. ಅವಳೂ ನಕ್ಕಳು. ನಗದಿದ್ದರೆ ಮಾತು ಮುಂದಕ್ಕೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಒಂದ್ ಗಳಿಗೆ ಲೈನ್ ತೆಗೆಸ್ರಿ ಗೌಡ್ರೆ. ಮಿಷನ್ ದಾಟಿದ್ ಕೂಡ್ಲೇ ಹಾಕ್ಸ್ರಿ. ಬೆಳಗ್ಗೆ ನನ್ನಳಿಯನಿಗೆ ಹೊಡ್ದೈತೆ."

"ನಿಶ್ಚಯದ್ ಮನೇಲಿ ದೀಪ ಆರ್ಸು ಅಂತೀಯಾ?" ಸದಾಶಿವಪ್ಪನ ನಗು ಆರಿತು. "ಅಯ್ನೋರು ಏನ್ ಹೇಳವ್ರೆ ಗೊತ್ತಾ? ಸಂಜೆ ಉಂಗುರ ತೊಡಿಸೋ ತನ್ಕ ಒಂದ್ ದೀಪ ಆರಬಾರ್ದು ಅಂತ. ನನ್ ಮಗಳ ಬಾಳಿಗೆ ಅಪಶಕುನ ತರಾಕ್ ಬಂದೀಯೇನೆ, ದರಿದ್ರದೋಳೆ?"

"ಬೀದಿ ಲೈನ್ ಮಾತ್ರ…"

"ಎಲ್ಲ ಒಂದೇ ಟೀಸಿ. ಕೇಳು ಬೇಕಾದ್ರೆ ವಸಂತನ್ನ."

ವಸಂತ ಎಲೆಯ ಮುಂದೆ ಕೂತಿದ್ದ. ಎದ್ದು ಎರಡು ಹೆಜ್ಜೆ ಹೋಗಿ ಟ್ರಾನ್ಸ್‌ಫಾರ್ಮರಿನ ಹಿಡಿ ಎಳೆದರೆ ಮುಗಿಯುವ ಕೆಲಸ. ಹೋಳಿಗೆಯನ್ನು ತುಪ್ಪದಲ್ಲಿ ಒತ್ತಿ, ಮಡಿಸಿ, ಮತ್ತೆ ಬಿಡಿಸಿದ. "ಗೌಡ್ರು ಹೇಳಿದ್ರೆ ಈಗ್ಲೇ ಎಳೀತೀನಿ ಯಕ್ಕ," ಎಂದ, ಎಲೆಗೆ ಹೇಳುವಂತೆ.

ಗೌಡರು ಬೀಗರ ಪಂಕ್ತಿಯ ಕಡೆ ತಿರುಗಿದರು.

ಹನುಮಮ್ಮ ತಿರುಗಿ ಬರುವಾಗ ಹಿಂದಿನಿಂದ ಬಳೆಯ ಸದ್ದಾಯಿತು. ಸದಾಶಿವಪ್ಪನ ಹೆಂಡತಿ ಜಗದಾಂಬ. ಮೊಳಕಾಲವರೆಗೆ ರೇಷ್ಮೆ ಸೀರೆ ಎತ್ತಿ ಕೆಸರಿನಲ್ಲೇ ಬಂದಿದ್ದಳು. ಬಾಳೆ ಎಲೆಯ ಚೂರಿನಲ್ಲಿ ಬೆಣ್ಣೆಯ ಉಂಡೆ.

"ಸುಟ್ಟಿದ್ದಕ್ಕೆ ಹಚ್ಚು. ಉರಿ ನಿಲ್ತದೆ." ಆಮೇಲೆ ದನಿ ತಗ್ಗಿಸಿ, "ನಾನ್ ಹೇಳಿದ್ರೆ ಕೇಳಲ್ಲ ಅವ್ರು, ಹನುಮಮ್ಮ."

ಆ ಮನೆಯಲ್ಲಿ ಅವಳ ಹೆಸರನ್ನು ಪೂರ್ತಿ ಕರೆದವಳು ಅವಳೊಬ್ಬಳೇ. ಹನುಮಮ್ಮ ಬೆಣ್ಣೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ರಸ್ತೆಗೆ ಬರುವಷ್ಟರಲ್ಲಿ ಈಶ್ವರ ಪರಶುರಾಮನ ಮುಂದೆ ನಿಂತಿದ್ದ.

"ನೀನೇ ಉದ್ದ ಇರೋನು. ನಡುವಿನ್ ತಂತಿ ನಿಂದೇ."

"ಕೈ ಏಳ್ತಿಲ್ರೀ," ಎಂದ ಪರಶುರಾಮ.

"ಎಡಗೈ ಐತಲ್ಲ? ನೋಡ್ರಿ, ಒಂದ್ ಮಾತು. ಕೊಯ್ಲು ಮುಗೀತಾ ಬಂತು. ನಿಮ್ ಹಟ್ಟಿ ಕುರಿ ಈ ವರ್ಷ ಯಾರ ಗದ್ದೇಲಿ ಮೇಯ್ಬೇಕು ಅಂತ ಮಾಡೀರಿ? ಕುಪ್ಪಗಡ್ಡೆಯಿಂದ ಇಲ್ಲೀ ತನ್ಕ ನಮ್ ಚಿಕ್ಕಪ್ಪ ಒಂದ್ ಮಾತ್ ಹೇಳಿದ್ರೆ ಒಬ್ಬನೂ ಕೂಳೆಗೆ ಕುರಿ ಬಿಡಲ್ಲ. ಕುರಿ ಕೊಯ್ಕೊಂಡ್ ತಿನ್ರಿ ಸೂಳೆಮಕ್ಳಾ."

ಕೊಯ್ದ ಗದ್ದೆಯ ಕೂಳೆ ಸಿಗದಿದ್ದರೆ ಬೇಸಿಗೆಯಲ್ಲಿ ಕುರಿ ಉಳಿಯುವುದಿಲ್ಲ, ಕುರಿ ಉಳಿಯದಿದ್ದರೆ ಹಟ್ಟಿ ಉಳಿಯುವುದಿಲ್ಲ. ಹಿಂದೆ ಸಾಲುಗಟ್ಟಿ ನಿಂತ ಬಸ್ಸುಗಳು ಹಾರ್ನು ಬಾರಿಸುತ್ತಿದ್ದವು.

ಪರಶುರಾಮ ಎದ್ದ. ಎಡಗೈಯಲ್ಲಿ ಗಳ ಹಿಡಿದ. ಅದರ ಬುಡದಿಂದ ನೀರು ಇಳಿಯುತ್ತಿತ್ತು.

"ಬಿಡು ಅತ್ತೆ. ಒಂದ್ ಗಳಿಗೆ ಅಲ್ವಾ. ಕುರಿ ಮುಖ ನೋಡ್ಬೇಕಲ್ಲ."

ಹನುಮಮ್ಮ ಕಂಬದ ದೀಪ ನೋಡಿದಳು. ಶಾಮಿಯಾನದ ಸರದೀಪ ನೋಡಿದಳು. ಕೆಂಪು, ಹಸಿರು, ಒಂದಾದ ಮೇಲೊಂದು ಓಡುತ್ತಿದ್ದವು. ಮಾಳೇಶನ ಕೈಯಿಂದ ತನ್ನ ಗಳ ತೆಗೆದುಕೊಂಡಳು. ಟ್ರೈಲರಿನ ಮುಂದಿನ ಗಾಲಿಗಳ ಎದುರಿಗೆ ಬಂದು, ಬಗ್ಗಿ, ಅದನ್ನು ರಸ್ತೆಗೆ ಅಡ್ಡವಾಗಿ ಮಲಗಿಸಿದಳು.

ಪರಶುರಾಮನ ಮುಖ ಬಿಳಿಚಿತು. "ಅತ್ತೆ!"

"ಕೊಡಿಲ್ಲಿ ನಿಂದೂ."

ಅವನು ಕೊಡಲಿಲ್ಲ. ಅವಳೇ ಬಿಡಿಸಿಕೊಂಡು ಮೊದಲಿನದರ ಪಕ್ಕ ಮಲಗಿಸಿದಳು.

"ಏಯ್, ಏನೇ ಇದು?" ಈಶ್ವರ ಓಡಿ ಬಂದ. ಹಟ್ಟಿಯವರ ಪದ್ಧತಿ ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. "ಯಾರ್ ಸತ್ರು ಅಂತ ಗಳ ಮಲಗಿಸ್ತೀಯೇ ಬೋಸುಡಿ?"

"ಇನ್ನೂ ಯಾರೂ ಸತ್ತಿಲ್ಲ," ಎಂದಳು ಹನುಮಮ್ಮ. "ಸತ್ಮೇಲೆ ಮಲಗಿಸಿ ಏನ್ ಬಂತು? ನಿಮ್ಮನೇಲಿ ದೀಪ ಆರಬಾರ್ದು. ನಮ್ಮನೇಲಿ ಇದ್ನ ದಾಟಬಾರ್ದು. ಎತ್ತಬೇಕಾದೋಳು ನಾನು. ಆ ದೀಪ ಆರೋ ತನ್ಕ ಎತ್ತಲ್ಲ."

ಮಾಳೇಶ ಕೆಮ್ಮಿದ. "ನಂದೂ ಸ್ವಲ್ಪ ಸುಸ್ತಾಗೈತೆ ಹನುಮಕ್ಕ, ಮಲಗ್ಲಿ," ಎಂದು ತನ್ನ ಗಳ ಇಟ್ಟ. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಒದ್ದೆ ಬಿದಿರು ಡಾಂಬರಿಗೆ ತಾಗುವ ಸದ್ದು ಮೈಕಿನ ಹಾಡಿನ ನಡುವೆಯೂ ಕೇಳಿಸಿತು.

"ಥೂ, ಹಲ್ಕಾ ನನ್ಮಕ್ಳಾ! ನೀವಿಲ್ದಿದ್ರೆ ನಡೆಯಲ್ವಾ?" ಈಶ್ವರ ಬಗ್ಗಿ ಒಂದು ಗಳ ಎಳೆದುಕೊಂಡ. ತಂತಿಯ ಕೆಳಗೆ ಹೋಗಿ ನಿಂತ. ಗಳ ಎತ್ತಿದ. ಅರ್ಧ ಎತ್ತಿದ.

ಬಸ್ಸಿನಿಂದ ಇಳಿದವರು, ಶಾಮಿಯಾನದಿಂದ ಕೈ ತೊಳೆಯಲು ಬಂದ ಬೀಗರು, ಎಂಜಲು ಕೈಯಲ್ಲೇ ನಿಂತ ವಸಂತ, ಎಲ್ಲರೂ ನೋಡುತ್ತಿದ್ದರು. ಗಳದ ನೀರು ಈಶ್ವರನ ಮೊಳಕೈವರೆಗೆ ಹರಿಯಿತು. ಅವನ ಕಣ್ಣು ಕಂಬದ ದೀಪಕ್ಕೆ ಹೋಯಿತು. ಅಲ್ಲೇ ನಿಂತಿತು. ಗಳ ಮೆಲ್ಲಗೆ ಕೆಳಗಿಳಿಯಿತು.

"ಎತ್ರೀ ಸಾಮಿ," ಎಂದ ಮಾಳೇಶ. "ಬಿದಿರಿಗೆ ಹತ್ತಲ್ಲ."

ಟ್ರೈಲರಿನ ಮೇಲೆ ಮುದುಕ ಸರ್ದಾರ ಕೆಳಗೆ ಮಲಗಿದ ಗಳಗಳನ್ನು ನೋಡಿದ. ಕೀಲಿ ತಿರುಗಿಸಿದ. ಬೆಳಗಿನಿಂದ ಎಲ್ಲರ ಕಿವಿಯೊಳಗೇ ಮನೆ ಮಾಡಿದ್ದ ಆ ಗುರುಗುರು ನಿಂತುಹೋಯಿತು. ಅವನು ಇಳಿದು ಬಂದು ಗಳಗಳನ್ನು ತುಳಿಯದೆ ಚರಂಡಿಯ ಬದಿಯಿಂದ ಸುತ್ತಿಕೊಂಡು ಹೋಗಿ, ಕೀಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಬೇಲಿಯ ಪಕ್ಕ ಕೂತ.

"ಯಾವ್ ಮುಂಡೇವು ಅವು? ಎಳೆದ್ ಹಾಕ್ರಲೇ!" ಶಾಮಿಯಾನದ ಅಂಚಿನಿಂದ ಸದಾಶಿವಪ್ಪ ಕೂಗುತ್ತಿದ್ದ. ತಡವಾಗಿ ಬರುತ್ತಿದ್ದ ಬೀಗರ ಕಾರುಗಳು ಯಂತ್ರದ ಹಿಂದೆ ಸಿಕ್ಕಿಕೊಂಡಿದ್ದವು. ಎಲ್ಲಕ್ಕಿಂತ ಹಿಂದಿನಿಂದ ಪೊಲೀಸ್ ಜೀಪು ಬಸ್ಸುಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಬರುವ ಸೈರನ್ನು ಹತ್ತಿರವಾಗುತ್ತಿತ್ತು.

ಹನುಮಮ್ಮ ಅಳಿಯನನ್ನು ಪಕ್ಕಕ್ಕೆ ಕರೆದು ಕೂರಿಸಿದಳು. ಪೇಟದ ಬಟ್ಟೆ ಬಿಚ್ಚಿದಳು. ಸೆರಗಿನ ಗಂಟಿನಿಂದ ಬಾಳೆ ಎಲೆ ತೆಗೆದು, ಬೆಣ್ಣೆಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು, ಕಪ್ಪಾದ ಅಂಗೈಗೆ ಸವರತೊಡಗಿದಳು.

"ಉರೀತೈತಾ?"

"ಇಲ್ಲತ್ತೆ. ಏನೂ ಗೊತ್ತಾಗ್ತಿಲ್ಲ."

ಅವಳು ಸವರುತ್ತಲೇ ಇದ್ದಳು. ಸೋನೆ ನಿಂತಿರಲಿಲ್ಲ. ಕಂಬದ ಮೇಲೆ ದೀಪ ಇನ್ನೂ ಉರಿಯುತ್ತಿತ್ತು.