ಪೊಗೆನ್ಸೀಕ್ ಹೆಸರು ಯಾರಪ್ಪನದು?

ಹೋದ ವಾರ ಅಮೆರಿಕದಿಂದ ಒಬ್ಬ ಬಂದಿದ್ದ. ಮಿಸೌರಿ ಅನ್ನೋ ಕಡೆಯಿಂದಂತೆ. ದೊಡ್ಡ ಹೊಟ್ಟೆ, ಹೊಸ ಬೂಟು. ನಾನು ಹಂದಿಗೆ ಆಲೂಗೆಡ್ಡೆ ಸಿಪ್ಪೆ ಹಾಕುತ್ತಾ ನಿಂತಿದ್ದೆ. ಹಿಂದಿನಿಂದ ಬಂದು ಗಬಕ್ಕನೆ ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟ.

"ಅಜ್ಜಾ, ನಾನು ಪೊಗೆನ್ಸೀಕ್! ನಿಮ್ಮ ರಕ್ತ! ಅಲ್ಲಿ ನಮ್ಮದೇ ಒಂದು ಊರಿದೆ ಅಜ್ಜಾ. ಪಾದ್ರಿ ಪೊಗೆನ್ಸೀಕ್, ಕಮ್ಮಾರ ಪೊಗೆನ್ಸೀಕ್, ಜೈಲಲ್ಲಿರೋ ಕಳ್ಳನೂ ಪೊಗೆನ್ಸೀಕೇ. ಮೂಗು ನೋಡಿ, ಇಬ್ಬರದೂ ಒಂದೇ ಅಚ್ಚು!"

ಮೂಗಂತೆ ಮೂಗು! ನನ್ನ ಮೂಗು ಹೀಗಾಗಿದ್ದು ಹುಡುಗನಾಗಿದ್ದಾಗ ಕುದುರೆ ಒದ್ದು. ಅವನದು ಹೇಗಾಯಿತೋ ಅವನಿಗೇ ಗೊತ್ತು. ನಾನು ಪೊಗೆನ್ಸೀಕ್ ಅಲ್ಲಪ್ಪ, ಊಲನ್‌ಬರ್ಗ್ ಅಂದೆ. "ಹುಟ್ಟಿದ್ದು ಪೊಗೆನ್ಸೀಕ್ ಆಗಿ ತಾನೇ?" ಅಂದ. ಹೌದು ಅಂದೆ. "ನಾನೂ ಹಾಗೇ ಹುಟ್ಟಿದವನು. ಅಂದಮೇಲೆ ನೆಂಟರು!" ಅಂದ. ಅಲ್ಲವೇ ಅಲ್ಲ ಅಂದೆ. ಪಾಪ, ಮಂಕು ಬಡಿದವನ ಹಾಗೆ ಹಂದಿ ದೊಡ್ಡಿಯ ಕಟ್ಟೆ ಮೇಲೆ ಕೂತುಬಿಟ್ಟ. ಅವನಿಗೆ ಬಿಡಿಸಿ ಹೇಳೋಕೆ ಇಡೀ ಮಧ್ಯಾಹ್ನ ಹಿಡಿಯಿತು. ನೀವು ಅಷ್ಟು ದಡ್ಡರಲ್ಲ ಅಂದುಕೊಂಡಿದ್ದೇನೆ.

ನಮ್ಮ ರಾವೆನ್ಸ್‌ಬರ್ಗ್ ಸೀಮೆಯಲ್ಲಿ ಹೆಸರು ಮನುಷ್ಯನದಲ್ಲ, ಮನೆಯದು. ಮನೆ ನಿಂತಲ್ಲೇ ನಿಂತಿರುತ್ತದೆ, ಹೆಸರೂ ಅಲ್ಲೇ ಇರುತ್ತದೆ, ಜನ ಬರುತ್ತಾರೆ ಹೋಗುತ್ತಾರೆ. ಹೆಣ್ಣಾಗಲಿ ಗಂಡಾಗಲಿ, ಮದುವೆಯಾಗಿ ಒಂದು ಮನೆಗೆ ಬಂದರೆ ದೊಡ್ಡ ಬಾಗಿಲಿಂದ ಒಳಗೆ ಕಾಲಿಟ್ಟು ಒಲೆಗೆ ಮೂರು ಸುತ್ತು ಬರಬೇಕು. ಸುತ್ತು ಮುಗಿಯಿತೋ, ಹಳೇ ಹೆಸರು ಬಾಗಿಲಾಚೆ. ಬಾಡಿಗೆಗೆ ಬಂದು ಒಲೆ ಹಚ್ಚಿದವನಿಗೂ ಇದೇ ಲೆಕ್ಕ. ಇದೆಲ್ಲ ಇನ್ನು ನಡೆಯೋದಿಲ್ಲ ಅಂತ ಸರ್ಕಾರದವರು ಒಮ್ಮೆ ಡಂಗುರ ಹೊಡೆಸಿದರು. ಡಂಗುರ ಹೊಡೆದವನೇ ಮುಂದಿನ ವರ್ಷ ಹೆಂಡತಿ ಮನೆಯ ಹೆಸರಿಗೆ ಬದಲಾದ.

ಇದನ್ನು ಒಪ್ಪದವನು ಇಡೀ ಸೀಮೆಗೆ ಒಬ್ಬನೇ ಇದ್ದ. ಅವನು ನಮ್ಮಪ್ಪ.

ನಮ್ಮಪ್ಪ ಟೋನಿಯೆಸ್ ಅಗಸೆ ನಾರಿನ ಬಟ್ಟೆ ನೇಯುವವನು. ನಮ್ಮ ಗುಡಿಸಲು ಇದ್ದದ್ದು ಪೊಗೆನ್ಸೀಕಿನಲ್ಲಿ. ಹಾಗಂದರೆ ಕಪ್ಪೆಹಳ್ಳ ಅಂತ. ಹೆಸರಿಗೆ ತಕ್ಕ ಹಾಗೆ ಕಪ್ಪೆಗಳು ಹಾಸಿಗೆಯೊಳಗೂ ವಟಗುಟ್ಟುತ್ತಿದ್ದವು. ಆದರೆ ಅಪ್ಪನ ಠೀವಿ ನೋಡಬೇಕಿತ್ತು! "ಪೊಗೆನ್ಸೀಕ್ ಅನ್ನೋ ಹೆಸರು ಚಕ್ರವರ್ತಿ ಕಾಲದ್ದು ಕಣೋ ಯೋಬ್ಸ್ಟ್. ರಕ್ತದಲ್ಲಿ ಬರೋದು. ಈಗ ಇಡೀ ಜಗತ್ತಲ್ಲಿ ಉಳಿದಿರೋದು ನಾವಿಬ್ಬರೇ. ನೀನು ಕೆಮ್ಮಿದರೂ ನನಗೆ ಎದೆ ಧಸಕ್ಕಂತದೆ" ಅನ್ನುತ್ತಿದ್ದ. ಅವನ ಅಜ್ಜ ಎಲ್ಲಿಂದಲೋ ಬಂದು ಆ ಗುಡಿಸಲು ಬಾಡಿಗೆಗೆ ಹಿಡಿದವನು ಅನ್ನೋದು ಊರಿಗೆಲ್ಲ ಗೊತ್ತಿತ್ತು. ಅಪ್ಪನ ಮುಂದೆ ಅದನ್ನು ಎತ್ತಿದರೆ ಮಗ್ಗದ ಲಾಳಿ ತೂರಿಕೊಂಡು ಬರುತ್ತಿತ್ತು.

ನನಗೋ ಇಲ್ಸಬೈನ್ ಮೇಲೆ ಜೀವ. ಗುಡ್ಡದ ಮೇಲಿನ ಊಲನ್‌ಬರ್ಗ್ ದೊಡ್ಡ ಮನೆಗೆ ಒಬ್ಬಳೇ ಮಗಳು. ಅವಳಪ್ಪ ತೀರಿಕೊಂಡಿದ್ದ, ಅಮ್ಮ ಟ್ರೀನೆ ಮನೆ ನಡೆಸುತ್ತಿದ್ದಳು. ನಾರು ಬಡಿಯುವ ಕಣದಲ್ಲಿ ಒಂದು ದಿನ ಇಲ್ಸಬೈನೇ ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಲೋ ಯೋಬ್ಸ್ಟ್, ಬರ್ತೀಯೋ ಇಲ್ವೋ? ಬಂದರೆ ಊಲನ್‌ಬರ್ಗ್ ಆಗಬೇಕು. ನಿನ್ನ ಕಪ್ಪೆ ಹೆಸರನ್ನ ನಾನೇನು ಉಪ್ಪಲ್ಲಿ ಹಾಕಿಡಲಾ?"

"ನಾನು ನಾಳೆನೇ ಬರ್ತೀನಿ ಕಣೇ. ಅಪ್ಪ ಒಪ್ಪಬೇಕಲ್ಲ."

"ಚಳಿ ಬೀಳೋ ಹೊತ್ತಿಗೆ ಬರೋ ಮಾರ್ಟಿನ್ ಹಬ್ಬದೊಳಗೆ ಒಪ್ಪಿಸು. ಇಲ್ಲದಿದ್ರೆ ಅಮ್ಮ ಗಿರಣಿಯವನ ಮಗನ್ನ ತರ್ತಾಳೆ. ಅವನ ಹೆಸರು ಏನಾದ್ರೂ ಆಗಲಿ, ಬೆವರು ವಾಸನೆ ತಡಿಯೋಕಾಗಲ್ಲ. ಆಮೇಲೆ ನಾನು ಅತ್ತರೆ ಒರೆಸೋಕೆ ಬರಬೇಡ."

ಅವಳಿಲ್ಲದೆ ನಾನು ಬದುಕುತ್ತಿರಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೋಟು ಹಾಕಿಕೊಂಡ, ದೊಣ್ಣೆ ತೆಗೆದುಕೊಂಡ. "ನಮ್ಮ ಹೆಸರು ನುಂಗೋಕೆ ಬಂದಿದಾಳಾ ಆ ವಿಧವೆ? ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂತ ಹೇಳಿ ಬರ್ತೀನಿ" ಅಂತ ಗುಡ್ಡ ಹತ್ತಿದ.

ಆಗಲ್ಲ ಅಂತ ಹೇಳಿಯೇ ಬಂದ. ಟ್ರೀನೆ ಅವನ ಮುಂದೆ ಹೊಗೆ ಹಾಕಿದ ಹಂದಿ ತೊಡೆ, ಕರಿ ರೊಟ್ಟಿ ಇಟ್ಟು, "ತಿಂದ್ಕೊಂಡು ಬೈಯಿರಿ, ಹಸಿದ ಹೊಟ್ಟೇಲಿ ಬೈದರೆ ದನಿ ಏಳಲ್ಲ" ಅಂದಳಂತೆ. ಮಾರನೇ ದಿನ ಅಪ್ಪ, "ನಿನ್ನೆ ಸರಿಯಾಗಿ ಹೇಳಲಿಲ್ಲ, ಅವಳಿಗೆ ಅರ್ಥ ಆಗಿಲ್ಲ" ಅಂತ ಮತ್ತೆ ಹೋದ. ಅದರ ಮಾರನೇ ದಿನವೂ ಹೋದ. ಅಗಸೆ ಹೂ ಬಿಡುವ ಹೊತ್ತಿಗೆ ದಿನಾ ಗಡ್ಡ ಹೆರೆದುಕೊಂಡು ಆಗಲ್ಲ ಅನ್ನೋಕೆ ಹೋಗುತ್ತಿದ್ದ. ಅಗಸೆ ಕೀಳುವ ಹೊತ್ತಿಗೆ ಮಗ್ಗವನ್ನೂ ಅಲ್ಲಿಗೇ ಸಾಗಿಸಿ, ಅಲ್ಲೇ ಕೂತು ಆಗಲ್ಲ ಅನ್ನುತ್ತಿದ್ದ. ಕೊಯ್ಲು ಮುಗಿದ ಭಾನುವಾರ ಟ್ರೀನೆಯನ್ನು ಮದುವೆಯಾಗಿ, ಅವಳ ಕೈ ಹಿಡಿದು ಊಲನ್‌ಬರ್ಗ್ ಒಲೆಗೆ ಮೂರು ಸುತ್ತು ಬಂದ.

ನನಗೆ ನಗು ತಡೆಯೋಕಾಗಲಿಲ್ಲ. ನಗಬಾರದಿತ್ತು.

ಹೊಸ ಯಜಮಾನ ಬಂದರೆ ಜೇನುಗೂಡುಗಳ ಮುಂದೆ ನಿಂತು ತನ್ನ ಹೆಸರು ಹೇಳಬೇಕು, ಇಲ್ಲದಿದ್ದರೆ ಹುಳ ಮನೆ ಬಿಟ್ಟು ಹೋಗುತ್ತವೆ. ಅಪ್ಪ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, ಅಭ್ಯಾಸಬಲದಿಂದ "ನಾನು ಪೊಗೆ" ಅನ್ನುವಷ್ಟರಲ್ಲಿ ಒಂದು ಹುಳ ತುಟಿಗೇ ಕುಟುಕಿತು. ತುಟಿ ಬದನೆಕಾಯಿ ಆಯಿತು. ಅದು ಇಳಿಯುವ ಹೊತ್ತಿಗೆ ಒಳಗಿನ ಮನುಷ್ಯನೇ ಬದಲಾಗಿದ್ದ. ನನ್ನನ್ನು ಕೂರಿಸಿಕೊಂಡು ಹೇಳಿದ:

"ನೋಡೋ ಯೋಬ್ಸ್ಟ್, ನಮ್ಮ ಊಲನ್‌ಬರ್ಗ್ ಮನೆತನಕ್ಕೆ ಒಂದು ಮರ್ಯಾದೆ ಇದೆ. ಇಲ್ಸಬೈನ್‌ನ ಮಾಡ್ಕೊಳ್ಳೋನು ನಮ್ಮ ಹೆಸರು ತಗೋಬೇಕು. ಯಾರೋ ಕಪ್ಪೆಹಳ್ಳದವರ ಹೆಸರು ಈ ಮನೇಲಿ ಕೇಳಿಸಬಾರದು."

"ಅಪ್ಪಾ, ನೀನು ಈ ಮನೆಗೆ ಬಂದು ಇನ್ನೂ ಚಪ್ಪಲಿ ತಣ್ಣಗಾಗಿಲ್ಲ."

"ಮನೆ ಯಾವತ್ತಿನದು ಅಂತ ನೋಡೋ, ನಾನು ಯಾವತ್ತು ಬಂದೆ ಅಂತಲ್ಲ!"

ಸರಿ, ಹೇಗೋ ಒಪ್ಪಿದನಲ್ಲ ಅಂತ ನಾನು, ಇಲ್ಸಬೈನ್ ಕೊಟ್ಟಿಗೆ ಹಿಂದೆ ಕುಣಿದಾಡಿದೆವು. ಅಲ್ಲೇ ಎಡವಟ್ಟಾಗಿದ್ದು. ಅಪ್ಪನ ಜೊತೆ ನಾನೂ ಗಂಟುಮೂಟೆ ಕಟ್ಟಿಕೊಂಡು ಗುಡ್ಡದ ಮನೆಗೆ ಬಂದಿದ್ದೆನಲ್ಲ? ಊರವರು ಆಗಲೇ ನನ್ನನ್ನು ಊಲನ್‌ಬರ್ಗ್ ಅನ್ನತೊಡಗಿದ್ದರು. ಭಾನುವಾರ ಚರ್ಚಿನಲ್ಲಿ ಪಾದ್ರಿ ಮದುವೆ ಸುದ್ದಿ ಓದಿದರು: "ಯೋಬ್ಸ್ಟ್ ಊಲನ್‌ಬರ್ಗ್, ಇಲ್ಸಬೈನ್ ಊಲನ್‌ಬರ್ಗ್." ಹೆಂಗಸರ ಕಡೆಯಿಂದ ಅಯ್ಯಯ್ಯೋ ಅನ್ನೋ ಉದ್ಗಾರ ಬಂತು. ಮುಂದಿನ ಬೆಂಚಿನ ಮುದುಕಿಯೊಬ್ಬಳು ದೊಪ್ಪನೆ ಬಿದ್ದಳು.

"ಒಂದೇ ಮನೆಯವರು! ಅಣ್ಣ ತಂಗಿ!"

"ಅಲ್ರೀ, ಅವನು ಟೋನಿಯೆಸ್ ಮಗ ಅಂತ ನಿಮಗೆಲ್ಲ ಗೊತ್ತಲ್ಲ!" ಅಂತ ಇಲ್ಸಬೈನ್ ಎದ್ದು ನಿಂತು ಕಿರುಚಿದಳು.

"ಗೊತ್ತಮ್ಮ, ಗೊತ್ತು. ಎತ್ತಿ ಆಡಿಸಿದ್ದೀವಿ. ಆದರೆ ಒಳಗಿರೋನು ಒಳಗೆ ಬರೋದು ಹೇಗೆ? ಮದುವೆ ಗಂಡು ಹೊರಗಿಂದ ಬರಬೇಕು. ಅವನಿಗೊಂದು ಮನೆ ಇರಬೇಕು, ಆ ಮನೆ ಯಜಮಾನ ಅವನ್ನ ಕೊಡಬೇಕು" ಅಂದರು ಊರ ಹಿರಿಯರು. ಪಾದ್ರಿಯೂ ತಲೆ ಆಡಿಸಿದರು. ಅವರೂ ಪಾದ್ರಿಮನೆ ಹೆಸರಿನಿಂದಲೇ ಕರೆಸಿಕೊಳ್ಳುವವರು, ಮತ್ತೇನು ಹೇಳಿಯಾರು!

ಗಿರಣಿಯವನ ಮಗ ಮೂರನೇ ಬೆಂಚಿನಲ್ಲಿ ಮೀಸೆ ತಿರುವುತ್ತಿದ್ದ. ಮಾರ್ಟಿನ್ ಹಬ್ಬ ಹತ್ತಿರ ಬಂದಿತ್ತು. ಅವನು ಗಾಡಿ ಅಚ್ಚಿಗೆ ಕೊಬ್ಬು ಸವರಿಸಿ ಸಜ್ಜಾಗಿದ್ದಾನೆ ಅಂತ ಸುದ್ದಿ ಬಂತು. ನಾನು ಬಟ್ಟೆ ಗಂಟು ಹೆಗಲಿಗೆ ಹಾಕಿಕೊಂಡು ಮತ್ತೆ ಪೊಗೆನ್ಸೀಕ್ ಆಗೋಕೆ ಕಪ್ಪೆಹಳ್ಳಕ್ಕೆ ಇಳಿದೆ.

ಅಲ್ಲಿ ನೋಡಿದರೆ ಹೊಗೆ ಏಳುತ್ತಿದೆ! ಬಾಗಿಲಲ್ಲಿ ಒಬ್ಬ ಕೆಂಪು ಗಡ್ಡದವನು ಬುಟ್ಟಿ ಹೆಣೆಯುತ್ತಾ ಕೂತಿದ್ದ. ಸುತ್ತ ಎಲ್ಲಿ ನೋಡಿದರೂ ಮಕ್ಕಳು.

"ಯಾರಪ್ಪ ನೀನು?" ಅಂದೆ.

"ಪೊಗೆನ್ಸೀಕ್" ಅಂದ, ತಲೆ ಎತ್ತದೆ. "ಕಾರ್ಡ್ ಪೊಗೆನ್ಸೀಕ್. ನೀನ್ಯಾರು?"

ಮೈಯೆಲ್ಲ ಉರಿದುಹೋಯಿತು. ಪಕ್ಕದ ಲಿಪ್ಪೆ ಸೀಮೆಯಿಂದ ಬಂದ ಬುಟ್ಟಿಯವನು, ಹಳ್ಳದಲ್ಲಿ ಬುಟ್ಟಿಗೆ ಒಳ್ಳೇ ಕಡ್ಡಿ ಸಿಗುತ್ತದೆ ಅಂತ ಖಾಲಿ ಗುಡಿಸಲು ಹಿಡಿದು ಒಲೆ ಹಚ್ಚಿದ್ದ. ಈ ಕಾರ್ಡೇ ಮುಂದೆ ಮಕ್ಕಳು ಮರಿ ಕಟ್ಟಿಕೊಂಡು ಹಡಗು ಹತ್ತಿದ್ದು. ಹೋದ ವಾರ ಬಂದಿದ್ದವನು ಇವನ ಮೊಮ್ಮಗ. ಇವನಾದ ಮೇಲೆ ಅದೇ ಗುಡಿಸಲಿಗೆ ಒಬ್ಬ ಪೊರಕೆಯವನು ಬಂದ, ಅವನು ಬ್ರೆಜಿಲ್ಲಿಗೆ ಹೋದ. ಆಮೇಲೆ ಬಂದ ಗಡಿಯಾರ ರಿಪೇರಿಯವನು ಬ್ರೆಮೆನ್ ಪಟ್ಟಣ ಸೇರಿದ. ಎಲ್ಲರೂ ಪೊಗೆನ್ಸೀಕ್ ಆಗಿಯೇ ಹೋದರು. ಹಡಗಿನಲ್ಲಿ, ಪಟ್ಟಣದಲ್ಲಿ ಸುತ್ತು ಬರೋಕೆ ಒಲೆ ಎಲ್ಲಿಂದ ಬರಬೇಕು? ಮೈಮೇಲಿದ್ದ ಹೆಸರು ಅಂಟಿಕೊಂಡೇ ಉಳಿಯಿತು. ಒಬ್ಬರಿಗೊಬ್ಬರು ಏನೇನೂ ಅಲ್ಲ, ಎಲ್ಲರೂ ಒಂದೇ ತೂತು ಸೂರಿನ ಕೆಳಗೆ ನೆನೆದವರು ಅಷ್ಟೆ.

ನನ್ನ ಕತೆ ಕೇಳಿ ಕಾರ್ಡ್ ಬಿದ್ದು ಬಿದ್ದು ನಕ್ಕ. ಆಮೇಲೆ ಗಂಭೀರನಾದ. "ಬಾ, ಮೂಲೇಲಿ ಮಲಕ್ಕೋ. ನನ್ನ ಮನೇಲಿ ಇದ್ದೀಯ ಅಂದ್ಮೇಲೆ ನೀನೂ ಪೊಗೆನ್ಸೀಕ್. ಕಡ್ಡಿ ಸಿಪ್ಪೆ ಸುಲಿ. ಹೆಣ್ಣಿನ ಮನೆಯ ಯಜಮಾನ ಬಂದು ಕೇಳಲಿ, ಕೊಡೋದು ಬಿಡೋದು ನೋಡೋಣ" ಅಂದ. ನಾನು ಹುಟ್ಟಿದ ಮನೆಯಲ್ಲಿ, ನನ್ನದೇ ಮೂಲೆಯಲ್ಲಿ, ಬಾಡಿಗೆ ಮಗನಾಗಿ ಮಲಗಿದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಪ್ಪ ಬಂದ. ಹೊಸ ಟೋಪಿ, ಕಂಕುಳಲ್ಲಿ ಹಂದಿ ತೊಡೆ, ಕೈಯಲ್ಲಿ ಬಿಯರಿನ ಹೂಜಿ. ಹೆಣ್ಣಿನ ಕಡೆಯವರು ಗಂಡು ಕೇಳೋಕೆ ತರುವುದು ಅದನ್ನೇ. ಬಾಗಿಲಲ್ಲಿ ತಲೆ ಬಗ್ಗಿಸೋದನ್ನು ಅವನು ಮರೆಯಲಿಲ್ಲ, ಮರೆತವರ ಹಣೆ ಒಡೆಯುವ ಬಾಗಿಲು ಅದು. ಕಾರ್ಡ್ ಅವನಿಗೆ ಅತಿಥಿಗಳ ಮಣೆ ಹಾಕಿ, ತಾನು ಯಜಮಾನನ ಕುರ್ಚಿಯಲ್ಲಿ ಕೂತ. ಆ ಕುರ್ಚಿ ಅಪ್ಪ ಬಿಟ್ಟುಹೋದದ್ದು.

"ನಿಮ್ಮ ಹುಡುಗನ್ನ ನಮ್ಮ ಊಲನ್‌ಬರ್ಗ್ ಮನೆಗೆ ಕೊಡಬೇಕು" ಅಂದ ಅಪ್ಪ, ಹಲ್ಲು ಕಚ್ಚಿಕೊಂಡು.

"ಆಗಲ್ಲ" ಅಂದ ಕಾರ್ಡ್.

"ಏನಂದೆ?"

"ಆಗಲ್ಲ ಯಜಮಾನ್ರೇ. ನಿಮ್ಮ ಮನೆಗೆ ಬಂದರೆ ಹೆಸರು ಬಿಡಬೇಕಂತಲ್ಲ? ನಮ್ಮ ಪೊಗೆನ್ಸೀಕ್ ಹೆಸರು ಅಂದರೆ ಹುಡುಗಾಟ ಅಲ್ಲ. ಚಕ್ರವರ್ತಿ ಕಾಲದ್ದು."

"ಅದನ್ನ ನಿನಗೆ ಯಾವನಯ್ಯ ಹೇಳಿದ್ದು?"

"ಈ ಮನೇಲಿ ಕೂತ ಮೇಲೆ ತಾನಾಗೇ ತಿಳೀತು. ರಕ್ತದಲ್ಲಿ ಬರೋದು ಇದು."

ಅಪ್ಪನ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು. ನಾನು ಮೂಲೆಯಲ್ಲಿ ಕಡ್ಡಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಾಳೆ ಸಂಜೆಗೆ ಗಿರಣಿ ಗಾಡಿ ಇಲ್ಸಬೈನ್ ಬಾಗಿಲಿಗೆ ಬಂದು ನಿಲ್ಲುತ್ತದೆ, ಇಲ್ಲಿ ಈ ಇಬ್ಬರು ಯಾರ ಹೆಸರು ದೊಡ್ಡದು ಅಂತ ಜಗ್ಗಾಡುತ್ತಿದ್ದಾರೆ. ಅಳು ಬಂತು ನನಗೆ.

"ಹೆಸರಲ್ಲೇನಯ್ಯ ಇದೆ ಮಣ್ಣು!" ಅಂತ ಅಪ್ಪ ಕೂಗಿದ. ಕೂಗಿದ ಮಾತು ತನ್ನ ಬಾಯಿಂದಲೇ ಬಂತು ಅಂತ ತಿಳಿದು ಬೆಪ್ಪಾದ.

"ಹಾಗೆ ಹೇಳಿದರೆ ಹೇಗೆ?" ಅಂದ ಕಾರ್ಡ್. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಇವನು ಬಂದಾಗಿನಿಂದ ನನ್ನ ಮಕ್ಕಳ ಜೊತೆ ಉಂಡಿದಾನೆ. ಅವಳ ಹೆಸರು ಹೇಳಿಕೊಂಡು ಕನವರಿಸ್ತಾನೆ. ಕೊಡೋಕೆ ನನಗೂ ಒಂದು ಕಾರಣ ಬೇಕು. ನಿಮಗೆ ಏನಾಗಬೇಕು ಇವನು? ನಿಮ್ಮ ಹೆಸರಿನವನಾ? ಅಲ್ಲ. ನಿಮ್ಮ ಮನೆಯವನಾ? ಅಲ್ಲ. ಹೇಳಿ ಯಜಮಾನ್ರೇ, ಏನಾಗಬೇಕು?"

ಅಪ್ಪ ನಾನು ಕೂತಿದ್ದ ಮೂಲೆಯನ್ನೇ ನೋಡಿದ.

"ಮಗ" ಅಂದ. "ಅವನು ನನ್ನ ಮಗ ಕಣಯ್ಯಾ. ಅವರಮ್ಮ ಸತ್ತಾಗ ಆ ಮೂಲೇಲಿ ಹಸುಗೂಸು. ಮೇಕೆ ಹಾಲಿಗೆ ಬಟ್ಟೆ ಅದ್ದಿ ಚೀಪಿಸಿದವನು ನಾನು. ಆವಾಗ ಇನ್ನೂ ಅವನಿಗೆ ಹೆಸರೇ ಇಟ್ಟಿರಲಿಲ್ಲ. ಯಾವ ಹೆಸರೂ ಇಲ್ಲದೇನೇ ನನ್ನ ಮಗ ಆಗಿದ್ದ."

ಹೇಳಿ, ಹೊಸ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಅತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾರ್ಡನ ಹೆಂಡತಿ ಏಪ್ರನ್ ಅಂಚಿನಿಂದ ಕಣ್ಣೊರೆಸಿಕೊಂಡಳು. ಕಾರ್ಡ್ ಎದ್ದು ಬಂದು ನನ್ನ ಕೈಯಿಂದ ಕಡ್ಡಿ ಕಿತ್ತು ಪಕ್ಕಕ್ಕಿಟ್ಟ.

"ಕರಕೊಂಡು ಹೋಗಿ" ಅಂದ.

ಅಪ್ಪ ನನ್ನ ಕೈ ಹಿಡಿದುಕೊಂಡ. ದಾರಿಯುದ್ದಕ್ಕೂ ಬಿಡಲಿಲ್ಲ. ಮೇಲೆ ಊಲನ್‌ಬರ್ಗಿನ ದೊಡ್ಡ ಬಾಗಿಲು ತೆರೆದಿತ್ತು, ಇಲ್ಸಬೈನ್ ಹೊಸ್ತಿಲಲ್ಲಿ ನಿಂತು ಕೈಬೀಸುತ್ತಿದ್ದಳು. ಒಂದು ಮನೆಯಿಂದ ಹೊರಟಾಗಿತ್ತು, ಇನ್ನೊಂದನ್ನು ಮುಟ್ಟಿರಲಿಲ್ಲ. ಗುಡ್ಡ ಹತ್ತಿ ಮುಗಿಸುವವರೆಗೂ ನಾನು ಯಾವ ಹೆಸರಿನವನೂ ಆಗಿರಲಿಲ್ಲ, ಅಪ್ಪನ ಮಗ ಆಗಿದ್ದೆ.